ಗುಡ್ಡ ಅಗೆದವರು, ಇಲಿ ಹಿಡಿದವರು

ಬಂಡೆರಾಯರ ಹೊಟ್ಟೆಗೆ ಕಿಚ್ಚು ಬಿದ್ದದ್ದು ಸಾಸಿವೆಕಾಳಿನಷ್ಟು ಒಂದು ಹಲ್ಲಿನಿಂದ. ಅದೂ ಇಲಿಯ ಹಲ್ಲು. ಆ ಇಲಿಯಾದರೂ ಲಕ್ಷಾಂತರ ವರ್ಷಗಳ ಹಿಂದೆಯೇ ಸತ್ತದ್ದು!

ರಾಯರು ಭೂವಿಜ್ಞಾನ ಕಚೇರಿಯವರು. ಊರಾಚೆಯ ಕೆಂಪು ಗುಡ್ಡವನ್ನು ಅರ್ಧ ಆಯುಷ್ಯ ಕೆರೆದದ್ದಕ್ಕೇ ಅವರಿಗೆ ಆ ಅಡ್ಡಹೆಸರು. ಗುಡ್ಡದ ವಯಸ್ಸು ಮಾತ್ರ ಬಗೆಹರಿದಿರಲಿಲ್ಲ. ಮೊನ್ನೆ ಮೊನ್ನೆ ಸೇರಿದ ಕಿರಿಯ, ಎಲ್ಲರ ಬಾಯಲ್ಲೂ 'ನಗುಮುಖ', ಅದೇ ಗುಡ್ಡದ ಮಣ್ಣು ಜರಡಿ ಹಿಡಿದು ಈ ಹಲ್ಲು ಹೆಕ್ಕಿದ್ದ. ಆ ವಂಶದ ಇಲಿಗಳು ಭೂಮಿಯ ಮೇಲೆ ಇದ್ದದ್ದೇ ಸ್ವಲ್ಪ ಕಾಲ. ಹಲ್ಲು ಸಿಕ್ಕ ಬಂಡೆಯೂ ಆ ಕಾಲದ್ದೇ ಎಂದು ಧೈರ್ಯವಾಗಿ ಹೇಳಬಹುದು. ಸಾಲದ್ದಕ್ಕೆ ಇದು ಯಾರೂ ಕಾಣದ ಹೊಸ ಜಾತಿ. ಅದಕ್ಕೊಂದು ಹೆಸರಿಡಬೇಕು.

"ಕಂಡುಹಿಡಿದವನು ತನ್ನ ಹೆಸರು ತಾನೇ ಇಡೋ ಹಾಗಿಲ್ಲ," ಎಂದರು ರಾಯರು ಬೆಳಿಗ್ಗೆ ಹೆಂಡತಿಯ ಮುಂದೆ. "ನಮ್ಮ ನಿರ್ದೇಶಕಿ ಮೇಡಂ ಹೆಸರಿಡ್ತಾನೆ ನೋಡು. ಬೆಣ್ಣೆ ಹಚ್ಚೋದ್ರಲ್ಲಿ ಎತ್ತಿದ ಕೈ!"

"ಹಲ್ಲು ಕಡೀಬೇಡಿ ಅಂದ್ರೆ! ಮೊನ್ನೆ ತಾನೆ ಕಟ್ಟಿಸಿದ ಹಲ್ಲು ಅದು," ಎಂದಳು ಹೆಂಡತಿ. "ಮೊದಲು ಬೋನಲ್ಲಿ ಸತ್ತಿರೋ ಆ ಇಲಿ ಎಸೀರಿ."

ಇಲಿ! ರಾಯರ ಕಣ್ಣು ಅರಳಿತು. ನಗುಮುಖ ತನ್ನ ಹಲ್ಲನ್ನು ಇಟ್ಟುಕೊಂಡಿರುವ ತಟ್ಟೆಯಲ್ಲಿ ಇಂದಿನ ಇಲಿಯ ಹಲ್ಲು ಸಿಕ್ಕರೆ ಗುಡ್ಡವೇ ನಿನ್ನೆ ಮೊನ್ನೆಯದಾಗುತ್ತದೆ, ನಗುಮುಖ ಅಳುಮುಖವಾಗುತ್ತದೆ. ಒಂದು ಹಲ್ಲು ಕಿತ್ತು, ಹಳೆಯದಾಗಿ ಕಾಣಲೆಂದು ತಮ್ಮ ಲೋಟದ ಚಹಾದಲ್ಲೇ ನೆನೆಸಿದರು.

ಕಚೇರಿಯಲ್ಲಿ ಟೈಪಿಸ್ಟ್ ಅಕ್ಕ ಗಾಯಕ್ಕೆ ಉಪ್ಪು ಸವರಲು ಕಾದೇ ಕೂತಿದ್ದಳು. "ಗುಡ್ಡ ಅಗೆದು ಇಲಿ ಹಿಡಿದ್ರು ಅಂತಾರಲ್ಲ ಸಾರ್, ನೀವು ಬರೀ ಅಗೆದ್ರಿ. ಹಿಡಿದೋರು ಅವರು!"

ರಾಯರು ಕಟಕಟ ಹಲ್ಲು ಕಡಿದರು. ಊಟದ ಹೊತ್ತಿಗೆ ಕೋಣೆ ಖಾಲಿಯಾಯಿತು. ಅವರು ಹಲ್ಲು ಕಡಿಯುತ್ತಲೇ ತಟ್ಟೆಯ ಮೇಲೆ ಬಗ್ಗಿ ಕೆಲಸ ಮುಗಿಸಿ ಓಡಿದರು.

ಮಧ್ಯಾಹ್ನ ನಿರ್ದೇಶಕಿ ಮೇಡಂ ಭೂತಗನ್ನಡಿ ಹಿಡಿದು ಬಂದರು. ಹಿಂದೆಯೇ ಎಲ್ಲರೂ ಸುತ್ತುವರಿದರು.

"ಇದೇನ್ರೀ, ಹಲ್ಲಿಗೆ ಇರುವೆ ಮುತ್ತಿದೆ?" ಮೇಡಂ ಮೂಸಿ ನೋಡಿದರು. "ಚಹಾ! ಸಕ್ಕರೆ ಬೇರೆ! ಇದು ಇವತ್ತಿನ ಮನೆ ಇಲಿದು. ಅಯ್ಯಯ್ಯೋ, ಪಕ್ಕದಲ್ಲಿರೋದು ಮನುಷ್ಯಂದು! ಅದೂ ಕಟ್ಟಿಸಿದ್ದು! ಎಲ್ರೂ ಒಂದ್ಸಲ ಹಲ್ಲು ಬಿಡಿ ನೋಡೋಣ."

ಟೈಪಿಸ್ಟ್ ಅಕ್ಕ ಕಿಸಕ್ಕನೆ ಹಲ್ಲು ಬಿಟ್ಟಳು. ರಾಯರ ನಾಲಿಗೆ ಬಾಯೊಳಗೆಲ್ಲ ತಡಕಿತು. ಎದುರಿನ ಹಲ್ಲಿದ್ದಲ್ಲಿ ಗಾಳಿ ಆಡುತ್ತಿತ್ತು.

"ನಂಗೆ ಫಲ್ಲುನೋವು ಮೇಡಂ," ಎಂದರು ಕೈ ಅಡ್ಡ ಹಿಡಿದು. ಆ ಒಂದು ಮಾತೇ ಸಾಕಾಯಿತು.

"ಛೀ, ನಾಚಿಕೆಗೇಡು! ಹೀಗೆ ಕಲಬೆರಕೆಯಾದ ತಟ್ಟೆಯನ್ನ ಯಾರು ನಂಬ್ತಾರೆ? ಗುಡ್ಡದ ವಯಸ್ಸೂ ಇಲ್ಲ, ಇಲಿಗೆ ಹೆಸರೂ ಇಲ್ಲ. ಎಲ್ಲ ರದ್ದು," ಎಂದು ಮೇಡಂ ಎದ್ದು ಹೋದರು.

ರಾಯರಿಗೆ ಒಳಗೊಳಗೇ ಸ್ವಲ್ಪ ಸಮಾಧಾನವಾಯಿತು. ಮಾನ ಹೋದರೆ ಹೋಗಲಿ, ಅವನದೂ ಹೋಯಿತಲ್ಲ!

ನಗುಮುಖ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಹೋಗ್ಲಿ ಬಿಡಿ ಸಾರ್, ಮತ್ತೆ ಜರಡಿ ಹಿಡಿಯೋಣ. ಆ ಗುಡ್ಡಕ್ಕೆ ಆಯಸ್ಸು ಸವೆಸಿದೋರು ನೀವು. ಇಲಿಗೆ ನಿಮ್ಮ ಹೆಸರೇ ಇಡೋಣ ಅಂತಿದ್ದೆ."

ರಾಯರಿಗೆ ಆಗ ಹೊಳೆಯಿತು. ಹೋದದ್ದು ತಮ್ಮದೇ ಹೆಸರು! ಮರುಕ್ಷಣವೇ ಆ ಸಂಕಟಕ್ಕಿಂತ ದೊಡ್ಡ ಸಂಕಟ ಹೊಟ್ಟೆಯಿಂದೆದ್ದಿತು. ಒಳ್ಳೆಯತನದಲ್ಲೂ ತಮ್ಮನ್ನು ಹಿಂದೆ ಹಾಕಿಬಿಟ್ಟನಲ್ಲ, ಈ ಪಾಪಿ!

ಅವರು ಕಟಕಟ ಹಲ್ಲು ಕಡಿದರು. ಪಕ್ಕದ ಹಲ್ಲೂ ಅಲ್ಲಾಡಿತು.