ಎಂಟು ಕಾಲಿನ ದನಿ

ಮೂರು ತಿಂಗಳ ಹಿಂದೆ ತೀರಿಹೋಗಿದ್ದ ಅಣ್ಣ ನಿನ್ನೆ ಸಂಜೆ ಎರಡನೆಯ ಸಲ ತೀರಿಕೊಂಡ.

ಅವನ ಫೋನಿನ ಪಕ್ಕದಲ್ಲಿ ದನಿ ಹಿಡಿದಿಡುವ ಒಂದು ಪೆಟ್ಟಿಗೆಯಿತ್ತು. ಗುಂಡಿ ಒತ್ತಿದರೆ ಅವನದೇ ದನಿಯಲ್ಲಿ, "ನಾನೀಗ ಮನೇಲಿಲ್ಲ. ಏನು ವಿಷಯ ಹೇಳಿಡಿ, ಬಂದ ತಕ್ಷಣ ಮಾತಾಡ್ತೀನಿ" ಎನ್ನುತ್ತಿತ್ತು. ಅಮ್ಮ ದಿನಾ ಅದನ್ನು ಕೇಳಿಯೇ ಊಟಕ್ಕೆ ಕೂರುತ್ತಿದ್ದಳು. ನಿನ್ನೆ ವೈರು ಸಡಿಲವಾಗಿದೆಯೆಂದು ಎಲ್ಲದಕ್ಕೂ ಸಲಹೆ ಕೊಡುವ ಪಕ್ಕದ ಮನೆಯ ಮಾವ ಬೇರೆ ಯಾವುದೋ ಅಡಾಪ್ಟರ್ ತಂದು ಸಿಕ್ಕಿಸಿದರು. ಪೆಟ್ಟಿಗೆ ಒಮ್ಮೆ ಸೀನಿ, ಹೊಗೆಯಾಡಿ, ಸುಮ್ಮನಾಯಿತು.

"ಪಿನ್ನು ಸರಿಯಾಗೇ ಕೂತಿತ್ತಲ್ಲಪ್ಪಾ!" ಎಂದರು ಮಾವ.

ಅಮ್ಮ ರಾತ್ರಿ ಉಣ್ಣಲಿಲ್ಲ. ಬೆಳಗ್ಗೆಯೂ ಗೋಡೆಯ ಕಡೆ ಮುಖ ಮಾಡಿಯೇ ಮಲಗಿದ್ದಳು.

ಉಳಿದ ಒಬ್ಬನೇ ಮಗ ರೇಡಿಯೊ, ಟಿವಿ ದುರಸ್ತಿಯವನು. ಬೀದಿಗೆಲ್ಲ ಅವನ ಹೆಸರು ರಿಪೇರಿ. ಅವನು ಗುಜರಿಯಿಂದ ಅದೇ ತರಹದ ಹಳೆಯ ಪೆಟ್ಟಿಗೆಯೊಂದನ್ನು ತಂದ. ದನಿಯಿರುವುದು ಎಂಟು ಕಾಲಿನ ಒಂದು ಪುಟ್ಟ ಚಿಪ್‌ನಲ್ಲಿ; ಅಣ್ಣನ ಪೆಟ್ಟಿಗೆಯಲ್ಲಿ ಅದೊಂದು ಸುಟ್ಟಿರಲಿಲ್ಲ. ಗುಜರಿ ಪೆಟ್ಟಿಗೆಯ ಚಿಪ್ ಬಿಡಿಸಿ, ಆ ಜಾಗದಲ್ಲಿ ಅಣ್ಣನದನ್ನು ಕೂರಿಸಬೇಕು.

ಕಿಟಕಿ ತೆರೆದು, ಕನ್ನಡಕ ಹಾಕಿ, ಬೆಸುಗೆ ಕಡ್ಡಿ ಕಾಯಲಿಟ್ಟ. ಅಷ್ಟರಲ್ಲಿ ಮಾವ ಬಂದರು, ಅವರ ಹಿಂದೆಯೇ ಕೆಳಮನೆ ಆಂಟಿ.

"ಹೊಗೆ ಕಣೋ, ಫ್ಯಾನ್ ಹಾಕ್ಲಾ?"

"ಬೇಡ ಮಾವ, ಕಡ್ಡಿ ತಣ್ಣಗಾಗುತ್ತೆ."

"ಇಕ್ಕಳದಲ್ಲಿ ಹಿಡಿದು ಒಂದೇಟಿಗೆ ಎಳೆದುಬಿಡು. ಹಲ್ಲು ಕೀಳಲ್ವಾ, ಹಾಗೆ."

"ಎಳೆದ್ರೆ ಸರ್ಕ್ಯೂಟ್ ಹಲಗೆ ಮೇಲಿನ ತಾಮ್ರದ ಗೆರೆಯೂ ಕಿತ್ಕೊಂಡು ಬರುತ್ತೆ. ಬೆಸುಗೆ ಕರಗಿ, ಕಾಲು ತಾನಾಗಿ ಬಿಡಬೇಕು."

ಒಂದು ಕಾಲಿಗೆ ಮೂರೇ ಎಣಿಕೆ ಶಾಖ, ಕರಗಿದ ಬೆಸುಗೆಯನ್ನು ಜಡೆಯಂತೆ ಹೆಣೆದ ತಾಮ್ರದ ಎಳೆಗೆ ಕುಡಿಸುವುದು, ಹಲಗೆ ಆರುವವರೆಗೆ ಕಾಯುವುದು. ಮಾವ ಅವನಿಗಿಂತ ಜೋರಾಗಿ ಎಣಿಸಿ, ಎರಡರ ನಂತರ ಐದಕ್ಕೆ ಹಾರುತ್ತಿದ್ದರು. ಒಮ್ಮೆ ಅವನ ಬೆರಳೇ ಸುಟ್ಟಿತು. ಅಂತೂ ಮಧ್ಯಾಹ್ನದ ಹೊತ್ತಿಗೆ ಎರಡೂ ಚಿಪ್ ಒಂದು ಗೀರೂ ಬೀಳದೆ ಬಿಟ್ಟುಬಂದವು. ಅಣ್ಣನದನ್ನು ಮೇಜಿನ ಎಡಕ್ಕೂ ಗುಜರಿಯದನ್ನು ಬಲಕ್ಕೂ ಇಟ್ಟು, ಉರಿಯುವ ಬೆರಳನ್ನು ನಲ್ಲಿಗೆ ಹಿಡಿಯಲು ಹೋದ.

ಬರುವಷ್ಟರಲ್ಲಿ ಮೇಜು ಫಳಫಳ ಎನ್ನುತ್ತಿತ್ತು. ಒಂದೇ ಚಿಪ್ ಉಳಿದಿತ್ತು.

"ಆಂಟಿ, ಇನ್ನೊಂದೆಲ್ಲಿ?"

"ಅದಾ? ಸತ್ತ ಜೇಡ ಅಂದ್ಕೊಂಡು ಗುಡಿಸಿಬಿಟ್ಟೆ. ಇದೂ ಜೇಡವೇನೋ ಅಂತ ನೋಡ್ತಿದ್ದೆ, ನೀನು ಬಂದೆ."

ಅವನು ಮೇಜಿನತ್ತ ಧಾವಿಸಿದ. "ಯಾವ ಕಡೆದು ಬಿಸಾಕಿದ್ರಿ?"

"ಬಲಗಡೆದು. ಚೆನ್ನಾಗಿ ನೆನಪಿದೆ."

ಹೋದ ಜೀವ ಬಂತು. ಉಳಿದದ್ದನ್ನು ಕೂರಿಸಿ, ಕಾಲು ಕಾಲಿಗೂ ಬೆಸುಗೆ ಹಾಕಿ, ಪೆಟ್ಟಿಗೆಯನ್ನು ಅಮ್ಮನ ಮಗ್ಗುಲಿಗೆ ತಂದ. ಅಮ್ಮ ಎದ್ದು ಕೂತು ಗುಂಡಿ ಒತ್ತಿದಳು.

ಪೆಟ್ಟಿಗೆಯೊಳಗೆ ಯಾರೋ ಗಂಟಲು ಸರಿಮಾಡಿಕೊಂಡರು. "ಯಾರೂ ಇಲ್ಲ. ಆಮೇಲೆ ಮಾಡಿ."

"ಅದೇ ಗಂಟಲು!" ಮಾವ ಕಣ್ಣೊರೆಸಿಕೊಂಡರು.

"ಪಾಪ, ಹೋದ್ಮೇಲೆ ಮಾತು ಕಮ್ಮಿ ಮಾಡಿದಾನೆ," ಎಂದರು ಆಂಟಿ.

ರಿಪೇರಿ ಬಿಳಿಚಿಕೊಂಡ. "ಆಂಟಿ, ಗುಡಿಸುವಾಗ ಎಲ್ಲಿ ನಿಂತಿದ್ರಿ?"

"ನಿನ್ನ ಕುರ್ಚಿಗೆ ಎದುರುಗಡೆ. ಯಾಕೆ?"

ಅವರ ಬಲ ಅವನ ಎಡ. ಮೆಟ್ಟಿಲು ಹಾರಿ ಕೆಳಗೋಡಿದ. ಕಸದ ಗಾಡಿ ಬಂದು ಹೋಗಿ ಅರ್ಧ ಗಂಟೆಯಾಗಿತ್ತು. ಅವನು ಬೆಸುಗೆ ಹಾಕುತ್ತಿದ್ದಾಗಲೇ ಆಂಟಿ ಬುಟ್ಟಿಯನ್ನು ತೊಳೆದು ಕವುಚಿಯೂ ಇಟ್ಟಿದ್ದರು.

ಮೇಲೆ ಬಂದರೆ ಅಮ್ಮ, "ನನ್ನ ಮಗನೇ ಕಣ್ರಪ್ಪ. ಹೊಟ್ಟೆ ಹಸೀತಿದೆ," ಎನ್ನುತ್ತಿದ್ದಳು. ಮಾವನೂ ಆಂಟಿಯೂ ಮನಸಾರೆ ಅತ್ತು, ತಮ್ಮಿಂದಲೇ ಇದೆಲ್ಲ ಆಯಿತೆಂಬ ಸಮಾಧಾನದಲ್ಲಿ ಮನೆಗೆ ಹೋದರು.

ಅವನು ಅನ್ನ ಬಡಿಸಿದ. ಅಮ್ಮ ನಾಲ್ಕು ತುತ್ತು ಉಂಡು ಹೇಳಿದಳು: "ದನಿ ಅವನದಲ್ಲ."

"ಅಮ್ಮಾ! ಗೊತ್ತಿದ್ದೂ..."

"ಹೆತ್ತವಳಿಗೆ ಗೊತ್ತಾಗಲ್ವೇನೋ? ನೀನು ಸುಟ್ಟ ಬೆರಳು ಹಿಡ್ಕೊಂಡು ನಿಂತಿದ್ದೆ. ಇರೋ ಮಗನ ಮುಖ ನೋಡ್ದೆ, ಹೌದು ಅಂದೆ."

ಅವನು ಅಲ್ಲೇ ಕುಸಿದು ಕೂತು ಮಗುವಿನಂತೆ ಅತ್ತ. ಅಮ್ಮ ಅವನ ತಲೆ ಸವರಿದಳು. ಅಳು ನಿಲ್ಲುವವರೆಗೂ ಸವರಿದಳು.

"ಪೆಟ್ಟಿಗೇಲಿರೋ ಇವನಿಗೂ ಒಬ್ಬ ತಾಯಿ ಇರ್ತಾಳಲ್ಲ," ಎಂದಳು ಆಮೇಲೆ. "ಪೆಟ್ಟಿಗೆ ಗುಜರಿಗೆ ಹೋಯ್ತು ಅಂತ ಎಲ್ಲೋ ಗೋಡೆ ನೋಡ್ಕೊಂಡು ಮಲಗಿರ್ತಾಳೆ. ಹುಡುಕಿ ಕೊಟ್ಟು ಬಾ."

"ಎಲ್ಲೀಂತ ಹುಡುಕ್ಲಮ್ಮಾ? ಹೆಸರಿಲ್ಲ, ವಿಳಾಸ ಇಲ್ಲ. 'ಯಾರೂ ಇಲ್ಲ' ಅಂತ ಅವನೇ ಹೇಳ್ತಿದಾನೆ!"

"ಅದೆಲ್ಲ ನನಗೆ ಗೊತ್ತಿಲ್ಲ. ಅವಳು ಉಣ್ಣೋವರೆಗೂ ನಾನೂ ಉಣ್ಣಲ್ಲ."

ಅಮ್ಮ ತಟ್ಟೆ ಸರಿಸಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು.