ಗುಡ್ಡದ ನೆತ್ತಿಯಲ್ಲಿ ರೇಡಿಯೊ ತಿರುಗಿಸಿದ್ದು

ಮನುಷ್ಯನಿಗೆ ಒಂದು ಹವ್ಯಾಸ ಇರಬೇಕು ಎಂದು ತಿಳಿದವರು ಹೇಳುತ್ತಾರೆ. ಕೆಲವರಿಗೆ ಅದು ಹುಟ್ಟಿನಿಂದಲೇ ಬರುತ್ತದೆ, ಕೆಲವರು ಕಷ್ಟಪಟ್ಟು ಬೆಳೆಸಿಕೊಳ್ಳುತ್ತಾರೆ. ನನ್ನದು ಎರಡೂ ಅಲ್ಲ. ಹವ್ಯಾಸ ಇದ್ದವನ ಬದಿಯಲ್ಲಿ ಕುಳಿತಿದ್ದಕ್ಕೆ ಅಂಟಿಕೊಂಡದ್ದು. ನಾನು ಪುತ್ತೂರಿನಲ್ಲಿ ಡ್ರಾಯಿಂಗ್ ಮಾಷ್ಟ್ರು. ಬಸ್‌ಸ್ಟೇಂಡಿನ ಬಳಿ ತಂದೆಯ ಜವಳಿ ಅಂಗಡಿ ನೋಡಿಕೊಳ್ಳುವ ಇಬ್ರಾಹಿಂ ನನ್ನ ಗೆಳೆಯ. ಅವನಿಗೆ ರೇಡಿಯೊದ ಹುಚ್ಚು. ಹಾಡು ಕೇಳುವ ಹುಚ್ಚಲ್ಲ. ಸರ್ಕಾರದ ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಟಕಟಕ ಎಂದು ಮೋರ್ಸ್ ಸಂಕೇತ ಕಳಿಸಿ ಎಲ್ಲೋ ದೂರದಲ್ಲಿರುವ ಇನ್ನೊಬ್ಬ ಹುಚ್ಚನೊಡನೆ ಮಾತಾಡುವ ಹುಚ್ಚು.

ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಗುಜರಿಗೆ ಹಾಕಿದ್ದ ಒಂದು ಸೆಟ್ಟನ್ನು ಅವನು ಬೆಂಗಳೂರಿನಿಂದ ತಂದಿದ್ದ. ಅದರ ಜೊತೆ ಸೈಕಲ್ ಪೆಡಲಿನಂಥ ಹಿಡಿಗಳಿದ್ದ ಡೈನಮೊ. ಒಬ್ಬ ಅದನ್ನು ಕೈಯಲ್ಲಿ ತಿರುಗಿಸುತ್ತಿರಬೇಕು, ಇನ್ನೊಬ್ಬ ಕೀಲಿ ಒತ್ತಿ ಸಂಕೇತ ಕಳಿಸಬೇಕು. ಕೇಳಲಿಕ್ಕೆ ಸಣ್ಣ ಬ್ಯಾಟರಿ ಸಾಕು, ಹೇಳಲಿಕ್ಕೆ ಮಾತ್ರ ರಟ್ಟೆ ಬೇಕು. ಲೈಸೆನ್ಸ್ ಅವನದು, ರಟ್ಟೆ ನನ್ನದು. ಅವನ ಮನೆ ಇರುವುದು ಹೊಂಡದಲ್ಲಿ. ಎತ್ತರಕ್ಕೆ ಹೋದರೆ ಸಂಕೇತ ದೂರ ಹೋಗುತ್ತದೆ ಎಂದು ರಜೆ ಬಂದಾಗಲೆಲ್ಲ ನಾವು ಗುಡ್ಡ ಹತ್ತತೊಡಗಿದೆವು. ಸವಣೂರಿನ ಕಡೆಯದು, ಸುಳ್ಯದ ಕಡೆಯದು, ಜಾಲ್ಸೂರಿನ ಆಚೆಯದು. ಪ್ರತಿಯೊಂದರ ನೆತ್ತಿಯಲ್ಲೂ ತಂತಿ ಕಟ್ಟಿ ಲೋಕವನ್ನು ಕರೆದೆವು. ಲೋಕಕ್ಕೆ ಬೇರೆ ಕೆಲಸವಿತ್ತು.

ಕೊನೆಗೊಮ್ಮೆ ಇಬ್ರಾಹಿಂ ಸೋತ ದನಿಯಲ್ಲಿ ಹೇಳಿದ, "ಬರುವ ಆದಿತ್ಯವಾರ ಕಡಬದ ಆಚೆ ಆ ದೊಡ್ಡ ಗುಡ್ಡ ಹತ್ತುವ ಮಾಷ್ಟ್ರೆ. ಅಲ್ಲಿಯೂ ಯಾರೂ ಮಾತಾಡದಿದ್ರೆ ಇದನ್ನು ಗುಜರಿಗೇ ಹಾಕುದು. ಈ ಹುಚ್ಚಿಗೆ ಬಾಪ ಸಿಟ್ಟಾಗಿ ಅಂಗಡಿಯಲ್ಲಿ ನನ್ನ ಮುಖ ನೋಡುದಿಲ್ಲ."

ನಾನು ಇದನ್ನು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಸುಮತಿ ಬಾವಿಕಟ್ಟೆಯಲ್ಲಿದ್ದಳು. "ಇಲ್ಲಿ ಒಂದು ಕೊಡ ನೀರು ಸೇದಲಿಕ್ಕೆ ನಿಮಗೆ ಕೈ ನೋವು. ಗುಡ್ಡದ ಮೇಲೆ ಎಂತದೋ ತಿರುಗಿಸಲಿಕ್ಕೆ ನೋವಿಲ್ಲ. ನಾನೂ ಬರ್ತೇನೆ. ಅಲ್ಲಿ ಎಂತ ಉಂಟು ಅಂತ ನೋಡ್ಬೇಕು" ಎಂದಳು.

ಕಡಬದ ಬಸ್ಸಿನಲ್ಲಿ ಕಂಡಕ್ಟರ್ ಪೆಟ್ಟಿಗೆಯಲ್ಲಿ ಎಂತ ಉಂಟು ಎಂದು ಕೇಳಿದ. ರೇಡಿಯೊ ಎಂದೆ. "ಹಾಗಾದ್ರೆ ಒಂದು ಪದ್ಯ ಹಾಕಿ ಮಾರಾಯ್ರೆ" ಎಂದ. ಇದು ಹಾಡುವುದಿಲ್ಲ, ಮಾತಾಡುವುದು ಎಂದು ಇಬ್ರಾಹಿಂ ವಿವರಿಸಿದ. "ಯಾರ ಹತ್ತಿರ?" ಎಂದ ಕಂಡಕ್ಟರ್. ನಾವಿಬ್ಬರೂ ಕಿಟಕಿಯ ಹೊರಗೆ ನೋಡಿದೆವು.

ಬಿಸಿಲೇರುವ ಹೊತ್ತಿಗೆ ನೆತ್ತಿಗೆ ತಲುಪಿದೆವು. ನಾನು ಡೈನಮೊವನ್ನೂ ಏದುಸಿರನ್ನೂ ಹೊತ್ತಿದ್ದೆ. ಸುಮತಿ ಅವಲಕ್ಕಿಯ ಡಬ್ಬಿಯೊಂದಿಗೆ ತಂತಿಯ ಸುರುಳಿಯನ್ನೂ ತಂದಿದ್ದಳು. ತಂತಿ ಕಟ್ಟಿ ಕರೆಯತೊಡಗಿದೆವು. ಇಬ್ರಾಹಿಂ ಒತ್ತಿದ, ನಾನು ತಿರುಗಿಸಿದೆ, ಅವನು ಹೆಡ್‌ಫೋನಿಗೆ ಕಿವಿಗೊಟ್ಟ. ಮತ್ತೆ ಒತ್ತಿದ, ಮತ್ತೆ ತಿರುಗಿಸಿದೆ. ಅವನು ಕೀಲಿಯಿಂದ ಕೈ ತೆಗೆದು ಗಂಟುಮೂಟೆ ಕಟ್ಟುವ ಯೋಚನೆಯಲ್ಲಿದ್ದಾಗ ಅವನ ಮುಖ ಒಮ್ಮೆಲೇ ಬದಲಾಯಿತು.

"ಸಿಲೋನ್" ಎಂದು ಪಿಸುಗುಟ್ಟಿದ. "ನಮ್ಮನ್ನು ಕರೀತಾ ಇದ್ದಾನೆ. ತಿರುಗಿಸಿ, ತಿರುಗಿಸಿ."

ತಿರುಗಿಸಿದೆ. ಆದರೆ ಅಷ್ಟರಲ್ಲಿ ನನ್ನ ರಟ್ಟೆ ನನ್ನದಾಗಿ ಉಳಿದಿರಲಿಲ್ಲ. ಸಿಲೋನಿನವನ ಮುಂದಿನ ಮಾತನ್ನು ಇಬ್ರಾಹಿಂ ಸಂಕೋಚದಿಂದ ಓದಿ ಹೇಳಿದ: "ನಮ್ಮ ಸ್ವರ ಆಡು ಕೂಗಿದ ಹಾಗೆ ನಡುಗ್ತದಂತೆ. ಸರಿಯಾಗಿ ಗೊತ್ತಾಗುದಿಲ್ಲವಂತೆ."

"ಏಳಿ ಅಲ್ಲಿಂದ" ಎಂದಳು ಸುಮತಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಳಿತು ಹಿಡಿಗಳನ್ನು ಹಿಡಿದಳು. ಎಳೆದಾಟವಿಲ್ಲ, ಅವಸರವಿಲ್ಲ, ದೋಸೆಗೆ ಕಲ್ಲಿನಲ್ಲಿ ಕಡೆಯುವ ಹದದಲ್ಲಿ ಒಂದೇ ಸಮನೆ ತಿರುಗಿಸಿದಳು. ಆಡು ಸುಮ್ಮನಾಯಿತು. ಇಬ್ರಾಹಿಂ ಮತ್ತು ಆ ಸಿಲೋನಿನವನು ಊರು, ಹವೆ, ಗುಡ್ಡದ ಎತ್ತರ ಎಲ್ಲವನ್ನೂ ಮಾತಾಡಿದರು. ಮುಗಿದಾಗ ಇಬ್ರಾಹಿಂ ಕಿವಿಯಿಂದ ಹೆಡ್‌ಫೋನ್ ತೆಗೆದು ಆಚೆ ತಿರುಗಿ ಕಣ್ಣೊರೆಸಿಕೊಂಡ.

ಸುಮತಿ ಅಂಗೈ ನೋಡಿಕೊಳ್ಳುತ್ತ ಕೇಳಿದಳು, "ಇಬ್ರಾಹಿಂ, ನೀನು ಒತ್ತಿದಾಗ ಇದು ಭಾರ ಆಗ್ತದೆ, ಬಿಟ್ಟಾಗ ಹಗುರ. ಕೊನೆಗೆ ಉದ್ದ ಎರಡು, ಗಿಡ್ಡ ಮೂರು. ಮತ್ತೆ ಗಿಡ್ಡ ಮೂರು, ಉದ್ದ ಎರಡು. ಅದು ಎಂತ ಹೇಳಿದ್ದು?"

ಇಬ್ರಾಹಿಂ ಅವಳನ್ನೇ ನೋಡಿದ. "ಒಳ್ಳೇದಾಗಲಿ, ಹೋಗಿ ಬರ್ತೇನೆ ಅಂತ ಅಕ್ಕ."

"ನನಗೂ ಕಲಿಸು" ಎಂದಳು.

ಅಷ್ಟು ಗುಡ್ಡಗಳಲ್ಲಿ ತಿರುಗಿಸಿದ ನನ್ನ ಕೈಗೆ ಅದು ಬರೀ ಭಾರವಾಗಿತ್ತು.

ಸೆಟ್ಟು ಗುಜರಿಗೆ ಹೋಗಲಿಲ್ಲ. ಸುಮತಿ ಕಲಿತಳು, ಪರೀಕ್ಷೆಯನ್ನೂ ಪಾಸು ಮಾಡಿದಳು. ಈಗ ಗುಡ್ಡದ ಮೇಲೆ ಅವಳೂ ಇಬ್ರಾಹಿಂನೂ ಸರದಿಯಂತೆ ಕೀಲಿ ಒತ್ತುತ್ತಾರೆ. ತಿರುಗಿಸಲಿಕ್ಕೆ ಲೈಸೆನ್ಸ್ ಬೇಡ; ಆದ್ದರಿಂದ ಆ ಹುದ್ದೆ ನನಗೇ ಉಳಿದಿದೆ. ಮೊನ್ನೆ ಅವಳು ಯಾರೊಡನೆಯೋ ತುಂಬ ಹೊತ್ತು ಮಾತಾಡಿದಳು. ನನ್ನ ಭುಜ ಬಿದ್ದುಹೋಗುವಂತಾಯಿತು. ಎಂತ ಅಷ್ಟು ಹೇಳಿದ್ದು ಎಂದು ಕೇಳಿದೆ.

"ತಿರುಗಿಸುವವರು ಪರವಾಗಿಲ್ಲ, ಒಳ್ಳೆಯವರು ಅಂತ ಹೇಳಿದೆ" ಎಂದಳು.

ಅಷ್ಟು ಹೇಳಲಿಕ್ಕೆ ಅಷ್ಟು ಹೊತ್ತು ಬೇಕೇ ಎಂದು ನನಗೆ ಅನುಮಾನವಿದೆ. ಇಬ್ರಾಹಿಂನನ್ನು ಕೇಳೋಣವೆಂದರೆ ಅವನು ನಗುತ್ತಾನೆ. ಮೋರ್ಸ್ ಕಲಿಯುವ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ "ಒಳ್ಳೆಯವರು" ಎಂದು ನಂಬಿ ತಿರುಗಿಸಿದಾಗ ಹಿಡಿ ಸ್ವಲ್ಪ ಹಗುರವಾಗುತ್ತದೆ. ಆದ್ದರಿಂದ ಕಲಿಯದೆ ಇದ್ದೇನೆ.