ಏಡನ್ ಪಿಂಚಣಿ, ಲಾರೆನ್ಸ್‌ವಿಲ್ ಕೊಪ್ಪರಿಗೆ

ಸೂರ್ಯನಾರಾಯಣರು ಆ ಶನಿವಾರ ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆ ಹುಟ್ಟುತ್ತಿರಲಿಲ್ಲ. ಮುಚ್ಚಿಕೊಂಡಿರಿ ಎಂದು ಹೆಂಡತಿ ರಾಜಲಕ್ಷ್ಮಿ ಬೆಳಿಗ್ಗೆ ಕಾಫಿ ಕೊಡುವಾಗಲೇ ಹೇಳಿದ್ದರು. ಆದರೆ ಮೂವತ್ತು ವರ್ಷದಿಂದ ಯಾರೂ ಕೇಳದ ವಿದ್ಯೆಯೊಂದು ಹೊಟ್ಟೆಯೊಳಗೆ ಕೂತಿದ್ದರೆ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ.

ಆ ವಿದ್ಯೆಯ ಹೆಸರು ಏಡನ್. 1937ರಲ್ಲಿ ಯೆಮನ್ನಿನ ಏಡನ್ ಬಂದರನ್ನು ಇಂಡಿಯಾ ಸರ್ಕಾರದ ಕೈಯಿಂದ ಬಿಡಿಸಿ ನೇರ ಲಂಡನ್ನಿನ ಕೈಗೆ ಕೊಟ್ಟರು. ದೊರೆ ಅದೇ ದೊರೆ, ಬದಲಾದದ್ದು ಜೇಬು. ಅಲ್ಲಿಯವರೆಗೆ ಇಂಡಿಯಾದ ಲೆಕ್ಕದಲ್ಲಿ ದುಡಿದ ಗುಮಾಸ್ತರ, ಪೇದೆಗಳ ಪಿಂಚಣಿ ಇನ್ನು ಮುಂದೆ ಯಾವ ಜೇಬಿನಿಂದ ಬರಬೇಕು? ಈ ಪ್ರಶ್ನೆಯ ಮೇಲೆ ಸೂರ್ಯನಾರಾಯಣರು ಅಟ್ಲಾಂಟಾದಲ್ಲಿ ನಾನೂರು ಪುಟದ ಪಿಎಚ್.ಡಿ. ಬರೆದಿದ್ದರು. ಅದನ್ನು ಪೂರ್ತಿ ಓದಿದವರು ಅವರ ಗೈಡ್ ಒಬ್ಬರೇ, ಅವರೂ ಈಗಿಲ್ಲ. ಇತಿಹಾಸ ಅನ್ನ ಹಾಕದ್ದರಿಂದ ಎಲ್ಲರಂತೆ ಕಂಪ್ಯೂಟರ್ ಕಲಿತು ಒಂದು ಇನ್ಶೂರೆನ್ಸ್ ಕಂಪನಿ ಸೇರಿದರು. ಎಲ್ಲರೂ ಕೈಬಿಟ್ಟ ಒಂದು ಹಳೆಯ ಪ್ರೋಗ್ರಾಮನ್ನು ಸಾಯದಂತೆ ಕಾಯುವುದು ಅಲ್ಲಿ ಅವರ ಕೆಲಸ. ಥೀಸಿಸ್ಸು ಮನೆಯಲ್ಲಿ ಮಾನಿಟರಿನ ಕೆಳಗೆ ಕೂತು, ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ತನ್ನ ಪಾಲಿನ ದೇಶಸೇವೆ ಮಾಡುತ್ತಿತ್ತು.

ಇನ್ನು ಅಟ್ಲಾಂಟಾ ಪಕ್ಕದ ಲಾರೆನ್ಸ್‌ವಿಲ್‌ನ ಹೇಮಾವತಿ ಕನ್ನಡ ಬಳಗದ ವಿಷಯ. ಬಳಗಕ್ಕೆ ನಲವತ್ತು ವರ್ಷವಾಗುವ ಹೊತ್ತಿಗೆ ಒಡೆಯದಿದ್ದರೆ ಅದು ಕನ್ನಡಿಗರ ಬಳಗವೇ ಅಲ್ಲ. ಹೊಸದಾಗಿ ಬಂದ ಸಾಫ್ಟ್‌ವೇರ್ ಹುಡುಗರೆಲ್ಲ ಉತ್ತರಕ್ಕೆ, ಕಮಿಂಗ್ ಊರಿನ ಕಡೆ ಮನೆ ಮಾಡಿದ್ದರು. ಸಂಕ್ರಾಂತಿಯ ಎಳ್ಳು ಬೀರಲು ಮುಕ್ಕಾಲು ಗಂಟೆ ಡ್ರೈವ್ ಮಾಡುವುದು ಮಾನವ ಹಕ್ಕಿನ ಉಲ್ಲಂಘನೆ ಎಂದು ಅವರು ತೀರ್ಮಾನಿಸಿ ಸ್ವಾತಂತ್ರ್ಯ ಘೋಷಿಸಿದರು. ಅವರ ನಾಯಕ ಪ್ರತಾಪ್, ಪ್ರಾಜೆಕ್ಟ್ ಮ್ಯಾನೇಜರ್. ಲಾರೆನ್ಸ್‌ವಿಲ್ ಬಣದ ನಾಯಕಿ ಶೈಲಜಾ, ಬಳಗದ ಕಾರ್ಯದರ್ಶಿ. ಬ್ಯಾಂಕಿನಲ್ಲಿದ್ದ ಹಣವನ್ನು ಇಬ್ಬರೂ ಶುಕ್ರವಾರ ರಾತ್ರಿಯೇ ಫೋನಿನಲ್ಲಿ ಅರ್ಧರ್ಧ ಮಾಡಿಕೊಂಡಿದ್ದರು. ಹಣದ ವಿಷಯದಲ್ಲಿ ಜಗಳವಾಗಲಿಲ್ಲ, ಏಕೆಂದರೆ ಅದನ್ನು ಸಮನಾಗಿ ಕತ್ತರಿಸಬಹುದು. ಜಗಳವೆಲ್ಲ ಇದ್ದದ್ದು ಬಳಗದ ಸ್ಟೋರೇಜ್ ಯೂನಿಟ್ಟಿನಲ್ಲಿದ್ದ ಸಾಮಾನಿಗೆ. ಅದರ ಬಾಡಿಗೆ ಆ ಶನಿವಾರಕ್ಕೆ ಮುಗಿಯುತ್ತಿತ್ತು. ಸಂಜೆ ಐದರೊಳಗೆ ಖಾಲಿ ಮಾಡಲೇಬೇಕಿತ್ತು.

"ನೀವು ಯಾಕೆ ಹೋಗ್ಬೇಕು ಅಲ್ಲಿಗೆ?" ಎಂದು ರಾಜಲಕ್ಷ್ಮಿ ಕೇಳಿದರು. "ಕೆಟ್ಟು ಕೂತಿರೋ ಡಿಶ್‌ವಾಷರ್ ಕಡೆ ನೋಡೋಕೆ ಟೈಮಿಲ್ಲ. ಪಂಚಾಯ್ತಿಗೆ ಟೈಮಿದೆ."

ಸೂರ್ಯನಾರಾಯಣರು ಡಿಶ್‌ವಾಷರಿನ ಹೆಸರು ಕೇಳಿ ಕಾಫಿ ನೆತ್ತಿಗೇರಿಸಿಕೊಂಡರು. ಹೊಸ ಡಿಶ್‌ವಾಷರಿಗೆಂದು ಎತ್ತಿಟ್ಟ ಹಣ ಈಗ ಇರಲಿಲ್ಲ. ಅದು ಹೋದ ತಿಂಗಳು ಬಳಗದ ಲೈಫ್ ಮೆಂಬರ್‌ಶಿಪ್ ಆಗಿ ಪರಿವರ್ತನೆ ಹೊಂದಿತ್ತು. ಒಂದು ಸಲ ಕಟ್ಟಿದರೆ ಸಾಯುವವರೆಗೆ ಬಳಗದ ಎಲ್ಲ ಹಬ್ಬಕ್ಕೂ ಮುಂದಿನ ಸಾಲಿನ ಕುರ್ಚಿ, ಇಬ್ಬರಿಗೆ ಬಿಟ್ಟಿ ಊಟ. ಎಂಬತ್ತರ ದಶಕದಲ್ಲಿ ಐವತ್ತೊಂದು ಡಾಲರ್ ಕಟ್ಟಿದ ಡಾಕ್ಟರು, ವಿಜ್ಞಾನಿಗಳೆಲ್ಲ ಈಗಲೂ ಉಣ್ಣುತ್ತಲೇ ಇದ್ದರು. ಸೂರ್ಯನಾರಾಯಣರು ಮೂವತ್ತು ವರ್ಷ ಹಿಂದೆಮುಂದೆ ನೋಡಿ, ನಿವೃತ್ತಿ ಹತ್ತಿರ ಬಂದಾಗ ಧೈರ್ಯ ಮಾಡಿ ಸಾವಿರದ ಐನೂರು ಕಟ್ಟಿದ್ದರು. ಹೆಂಡತಿಗೆ ಯುಗಾದಿ ಊಟದ ದಿನ ಮುಂದಿನ ಸಾಲಿನಲ್ಲಿ ಕೂರಿಸಿ ಹೇಳುವ ಯೋಚನೆಯಿತ್ತು. ಹಣ ಕಟ್ಟಿದ ವಾರಕ್ಕೇ ಬಳಗ ಒಡೆಯಿತು.

ಹಾಗಾಗಿ ಅವರು ಹೋಗಲೇಬೇಕಿತ್ತು. ಹೋದರು.

ಸ್ಟೋರೇಜ್ ಯೂನಿಟ್ಟಿನ ಮುಂದೆ ಎರಡು ಬಾಡಿಗೆ ಟ್ರಕ್ಕುಗಳು ಬೀಗರ ಹಾಗೆ ಮುಖ ತಿರುಗಿಸಿಕೊಂಡು ನಿಂತಿದ್ದವು. ಒಳಗೆ ವಿಭಜನೆ ನಡೆದಿತ್ತು. ರಾಜ್ಯೋತ್ಸವದ ಮಂಟಪದ ಎಡಗಡೆಯ ಎರಡು ಕಂಬ ಕಮಿಂಗ್‌ಗೆ, ಬಲಗಡೆಯವು ಲಾರೆನ್ಸ್‌ವಿಲ್‌ಗೆ ಎಂದು ಪಾಲಾಗಿದ್ದವು. ಮೈಕು ಒಬ್ಬರಿಗೆ, ಅದರ ವೈರು ಇನ್ನೊಬ್ಬರಿಗೆ. ತಾಯಿ ಭುವನೇಶ್ವರಿಯ ಆಳೆತ್ತರದ ಚಿತ್ರವನ್ನು ಕತ್ತರಿಸಲು ಇಬ್ಬರಿಗೂ ಮನಸ್ಸಾಗದೆ, ಆರಾರು ತಿಂಗಳು ಇಟ್ಟುಕೊಳ್ಳುವುದೆಂದು ಒಪ್ಪಿದ್ದರು. ತಾಯಿ ಸದ್ಯಕ್ಕೆ ಗೋಡೆಗೆ ಮುಖ ಮಾಡಿ ನಿಂತಿದ್ದಳು.

ನಡುವೆ ಉಳಿದದ್ದು ಕೊಪ್ಪರಿಗೆ. ಇನ್ನೂರು ಜನಕ್ಕೆ ಬಿಸಿಬೇಳೆಭಾತ್ ಆಗುವ ಹಿತ್ತಾಳೆಯ ಪಾತ್ರೆ. ಸ್ಥಾಪಕರು ಮೈಸೂರಿನಿಂದ ಹಡಗಿನಲ್ಲಿ ತರಿಸಿದ್ದು. ಅದರ ಒಂದು ಕೈಯನ್ನು ಪ್ರತಾಪ್ ಹಿಡಿದಿದ್ದ, ಇನ್ನೊಂದನ್ನು ಶೈಲಜಾ.

"ಮೇಡಂ, ನಮ್ ಕಡೆ ಫ್ಯಾಮಿಲಿ ಜಾಸ್ತಿ. ಡೇಟಾ ನೋಡಿ."

"ಡೇಟಾನ ನೀವೇ ಬೇಯಿಸ್ಕೊಂಡು ತಿನ್ನಿ. ಪಾತ್ರೆ ನಮ್ದು."

ಮೂಲೆಯಲ್ಲಿ ಮಡಿಸುವ ಕುರ್ಚಿಯ ಮೇಲೆ ಡಾಕ್ಟರ್ ತ್ಯಾಗರಾಜರು ಕೂತಿದ್ದರು. ಎಪ್ಪತ್ತೆರಡರಲ್ಲಿ ಬಂದು ಅರ್ಧ ಕೌಂಟಿಯ ಹೃದಯ ರಿಪೇರಿ ಮಾಡಿದವರು, ಮೊದಲನೇ ಲೈಫ್ ಮೆಂಬರು. ಉಳಿದ ನಲವತ್ತು ಹಿರಿಯ ಲೈಫ್ ಮೆಂಬರುಗಳ ಪರವಾಗಿಯೂ ಕೈ ಎತ್ತುವ ಅಧಿಕಾರವನ್ನು ಅವರೇ ಬರೆಸಿಕೊಂಡು ಬಂದಿದ್ದರು.

"ಅದೆಲ್ಲ ಇರ್ಲಿ," ಎಂದರು ಡಾಕ್ಟರು, "ಈ ಸಲ ಯುಗಾದಿ ಊಟಕ್ಕೆ ನಾವು ಯಾವ ಕಡೆ ಬರ್ಬೇಕು?"

ಕೊಪ್ಪರಿಗೆಯ ಎಳೆದಾಟ ಅಲ್ಲಿಗೇ ನಿಂತಿತು. ಇಬ್ಬರು ನಾಯಕರೂ ಈ ಪ್ರಶ್ನೆಯನ್ನು ಎಷ್ಟು ಜಾಣತನದಿಂದ ಮರೆತಿದ್ದರೆಂದರೆ, ನೆನಪಿಸಿದ್ದಕ್ಕೆ ಇಬ್ಬರಿಗೂ ಒಟ್ಟಿಗೇ ಬೇಜಾರಾಯಿತು.

"ಅಂಕಲ್, ನೀವೆಲ್ಲ ಇರೋದು ಲಾರೆನ್ಸ್‌ವಿಲ್‌ನಲ್ಲಿ. ಸೋ ನೀವು ಅವರ ಲಯಬಿಲಿಟಿ," ಎಂದ ಪ್ರತಾಪ್.

"ಇವರ ದುಡ್ಡಲ್ಲೇ ಅಲ್ವಾ ಮಂಟಪ ಮಾಡ್ಸಿದ್ದು? ಕಂಬ ಹೊತ್ಕೊಂಡು ಹೋಗೋರು ಇವರನ್ನೂ ಕರ್ಕೊಂಡು ಹೋಗಿ," ಎಂದರು ಶೈಲಜಾ.

ಸೂರ್ಯನಾರಾಯಣರು ಲೆಕ್ಕ ಹಾಕಿದರು. ಇವರ ಜಗಳದಲ್ಲಿ ಲೈಫ್ ಮೆಂಬರ್‌ಶಿಪ್ಪೇ ಹಾರಿಹೋದರೆ ತನ್ನ ಸಾವಿರದ ಐನೂರೂ ಹೋಯಿತು, ಹೆಂಡತಿಯ ಮುಂದೆ ಮಾನವೂ ಹೋಯಿತು. ಆಗ ಅವರು ಬಾಯಿ ತೆರೆದರು.

"ಇದು ಏಡನ್ ಪ್ರಾಬ್ಲಮ್."

ಎಲ್ಲರೂ ಅವರ ಕಡೆ ನೋಡಿದರು. ಆ ಹೆಸರು ಹೇಳಿದಾಗ ಯಾರೂ ಎದ್ದು ಹೋಗದಿದ್ದದ್ದು ಮೂವತ್ತು ವರ್ಷದಲ್ಲಿ ಇದೇ ಮೊದಲು. ಹೋಗಲು ದಾರಿಯಲ್ಲಿ ಕೊಪ್ಪರಿಗೆ ಇತ್ತು. ಸೂರ್ಯನಾರಾಯಣರು ಮಂಟಪದ ಒಂದು ಕಂಬಕ್ಕೆ ಒರಗಿ, ಬಂದರು, ಗುಮಾಸ್ತ, ಬೊಂಬಾಯಿ, ದಿಲ್ಲಿ, ಲಂಡನ್ ಎಂದು ಶುರು ಮಾಡಿ ಮಧ್ಯಾಹ್ನದವರೆಗೆ ಮಾತಾಡಿದರು. ಕಂಬ ಥರ್ಮೋಕೋಲಿನದು. ದಿಲ್ಲಿಯವರೆಗೆ ತಡೆಯಿತು, ಲಂಡನ್ ಬರುವಾಗ ಮುರಿಯಿತು. ಅದು ಕಮಿಂಗ್ ಪಾಲಿನ ಕಂಬವಾದ್ದರಿಂದ ಶೈಲಜಾರ ಕಡೆಯವರು ಚಪ್ಪಾಳೆ ತಟ್ಟಿದರು. ಸೂರ್ಯನಾರಾಯಣರು ಅದನ್ನು ತಮಗೆ ಬಂದ ಚಪ್ಪಾಳೆ ಎಂದುಕೊಂಡು ಇನ್ನಷ್ಟು ಉಬ್ಬಿದರು.

"ಸರ್, ಹಾಗಾದ್ರೆ ನೀವೇ ತೀರ್ಪು ಕೊಡಿ," ಎಂದರು ಶೈಲಜಾ.

"ಯೆಸ್ ಅಂಕಲ್, ನೀವು ಹೇಳಿದ್ದು ಫೈನಲ್," ಎಂದ ಪ್ರತಾಪ್. ಅವನಿಗೆ ಲಂಚ್ ಟೈಮ್ ಮೀರಿತ್ತು.

ಡಾಕ್ಟರೂ ತಲೆಯಾಡಿಸಿದರು. ಮೂರೂ ಕಡೆಯವರು ಒಂದು ಕಾಗದದ ಮೇಲೆ, ಸೂರ್ಯನಾರಾಯಣರ ತೀರ್ಪಿಗೆ ಬದ್ಧ ಎಂದು ಸಹಿ ಹಾಕಿದರು. ಸೂರ್ಯನಾರಾಯಣರು ಗಂಟಲು ಸರಿಮಾಡಿಕೊಂಡರು. ಈ ಕ್ಷಣವನ್ನು ಅವರ ಗೈಡು ನೋಡಬೇಕಿತ್ತು ಎಂದು ನಿಜವಾಗಿ ಕಣ್ಣು ಮಂಜಾಯಿತು.

"ಆಸ್ತಿ ಒಬ್ಬರಿಗೆ, ಹೊಣೆ ಇನ್ನೊಬ್ಬರಿಗೆ ಅನ್ನೋದು ನ್ಯಾಯ ಅಲ್ಲ. ಅಡುಗೆ ಮಾಡೋ ಪಾತ್ರೆ ಯಾರ ಮನೆಗೆ ಹೋಗುತ್ತೋ, ಉಣ್ಣೋ ಲೈಫ್ ಮೆಂಬರುಗಳೂ ಅವರ ಮನೆಗೇ ಸೇರತಕ್ಕದ್ದು. ಕೊಪ್ಪರಿಗೆ ತಗೊಂಡೋರು ಪಿಂಚಣಿ ಕೊಡ್ಬೇಕು. ಅಷ್ಟೇ."

ತೀರ್ಪು ಮುಗಿಯುವಷ್ಟರಲ್ಲಿ ಕೊಪ್ಪರಿಗೆಯ ಎರಡೂ ಕೈಗಳು ಖಾಲಿಯಾಗಿದ್ದವು.

"ಮೇಡಂ, ಥಿಂಕ್ ಮಾಡಿದ್ರೆ ಪಾತ್ರೆ ನಿಮ್ಮ ಹತ್ರ ಇರೋದೇ ಸರಿ. ಸೆಂಟಿಮೆಂಟು."

"ಅಯ್ಯೋ ಪ್ರತಾಪ್, ನಿಮ್ಮಲ್ಲಿ ಫ್ಯಾಮಿಲಿ ಜಾಸ್ತಿ ಅಲ್ವಾ. ಡೇಟಾ ನೀವೇ ತೋರಿಸಿದ್ರಲ್ಲ."

"ನಾವು ಕೇಟರಿಂಗ್ ಮಾಡಿಸ್ತೀವಿ, ಪಾತ್ರೆ ಬೇಡ."

"ನಮಗೂ ಅಲ್ಯುಮಿನಿಯಂ ಟ್ರೇ ಸಾಕು."

ಬೆಳಿಗ್ಗೆ ಇಬ್ಬರೂ ತಮ್ಮ ತಮ್ಮ ಕಡೆಗೆ ಎಳೆದ ಕೊಪ್ಪರಿಗೆಯನ್ನು ಈಗ ಇಬ್ಬರೂ ಎದುರಿನವರ ಟ್ರಕ್ಕಿನ ಕಡೆಗೆ ತಳ್ಳತೊಡಗಿದರು. ಅದು ಸಿಮೆಂಟಿನ ಮೇಲೆ ಕಿರ್ರೆನ್ನುತ್ತ ಅತ್ತ ಹೋಯಿತು, ಇತ್ತ ಬಂತು, ಒಮ್ಮೆ ಸೂರ್ಯನಾರಾಯಣರ ಕಾಲ ಮೇಲೂ ಹಾದುಹೋಯಿತು. ಹೀಗೇ ನಾಲ್ಕೂವರೆಯಾಯಿತು. ಸ್ಟೋರೇಜಿನ ಮ್ಯಾನೇಜರು ಬಂದು, ಇನ್ನರ್ಧ ಗಂಟೆಗೆ ಬಾಗಿಲು ಹಾಕುತ್ತೇನೆ, ಒಳಗೆ ಉಳಿದದ್ದೆಲ್ಲ ಕಸಕ್ಕೆ ಎಂದು ಹೇಳಿ ಹೋದರು.

ಪ್ರತಾಪ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಅವನ ಮುಖದಲ್ಲಿ ಬೆಳಕು ಕಾಣಿಸಿತು.

"ಅಂಕಲ್, ನಿಮ್ಮ ಆಫೀಸಲ್ಲಿ ನೀವು ಆ ಹಳೇ ಪ್ರೋಗ್ರಾಮು, ಲೆಗಸಿ ಸಿಸ್ಟಮ್ ನೋಡ್ಕೊಳ್ತೀರ ಅಲ್ವಾ?"

"ಹೌದು."

"ಅದನ್ನ ಯಾಕೆ ಯಾರೂ ಹೊಸ ಸಿಸ್ಟಮ್‌ಗೆ ಮೂವ್ ಮಾಡಿಲ್ಲ?"

"ಮಾಡೋಕಾಗಲ್ಲ ಮಾರಾಯ. ಹಾಗೇ ನಡೆಸ್ಕೊಂಡು ಹೋಗ್ಬೇಕು. ಒಬ್ಬರನ್ನ ಸಪೋರ್ಟ್‌ಗೆ ಬಿಟ್ಟಿರ್ತಾರೆ."

"ಎಕ್ಸಾಕ್ಟ್‌ಲಿ," ಎಂದ ಪ್ರತಾಪ್, ಶೈಲಜಾರ ಕಡೆ ತಿರುಗಿ. "ಮೇಡಂ, ನಾವಿಬ್ಬರೂ ಹೊಸ ಸಂಘ ಮಾಡ್ಕೊಳ್ಳೋಣ. ಹಳೇ ಬಳಗ ಹಾಗೇ ಇರ್ಲಿ. ಅದರಲ್ಲಿ ಕೊಪ್ಪರಿಗೆ, ಲೈಫ್ ಮೆಂಬರ್ಸು, ಅಷ್ಟೇ. ನೋಡ್ಕೊಳ್ಳೋಕೆ ಎಕ್ಸ್‌ಪೀರಿಯೆನ್ಸ್ ಇರೋ ಒಬ್ಬ ಪ್ರೆಸಿಡೆಂಟ್ ಬೇಕು."

ಶೈಲಜಾ ಆರು ತಿಂಗಳಲ್ಲಿ ಮೊದಲ ಸಲ ಅವನ ಮಾತಿಗೆ ನಕ್ಕರು.

ಸೂರ್ಯನಾರಾಯಣರಿಗೆ ವಿಷಯ ತಡವಾಗಿ ಹೊಳೆಯಿತು. "ತಡೀರಿ ತಡೀರಿ. ಪಿಂಚಣಿ ಅಂದ್ಮೇಲೆ ಅದಕ್ಕೊಂದು ಫಂಡ್ ಬೇಕು. ಬ್ಯಾಂಕ್ ದುಡ್ಡಲ್ಲಿ ಒಂದು ಪಾಲು..."

"ದುಡ್ಡಿನ ವಿಷಯ ನಿಮ್ಮ ತೀರ್ಪಲ್ಲಿ ಇಲ್ವಲ್ಲ ಸರ್," ಎಂದರು ಶೈಲಜಾ ಕಾಗದ ಮಡಿಸುತ್ತ. "ಪಾತ್ರೆ ತಗೊಂಡೋರು ಅಂತ ನೀವೇ ಅಂದ್ರಿ."

"ನಾನು ಒಪ್ಪಲ್ಲ."

"ಬೇಡ ಬಿಡಿ ಅಂಕಲ್," ಎಂದ ಪ್ರತಾಪ್ ಬಹಳ ಗೌರವದಿಂದ. "ಹಳೇ ಬಳಗ ಕ್ಲೋಸ್ ಮಾಡೋಣ. ಲೈಫ್ ಮೆಂಬರ್‌ಶಿಪ್ ಎಲ್ಲಾ ಝೀರೋ ಆಗುತ್ತೆ. ಸಿಂಪಲ್."

ಸೂರ್ಯನಾರಾಯಣರ ಕಣ್ಣ ಮುಂದೆ ಸಾವಿರದ ಐನೂರು ಡಾಲರು, ಕೆಟ್ಟ ಡಿಶ್‌ವಾಷರು, ರಾಜಲಕ್ಷ್ಮಿ, ಮೂವರೂ ಸಾಲಾಗಿ ನಿಂತರು. ಅವರಿಗೆ ನಿಜಕ್ಕೂ ಅಳು ಬಂತು. ಬೇಡ ಎನ್ನುವ ಶಕ್ತಿ ಇರಲಿಲ್ಲ. ಸುಮ್ಮನಿದ್ದರು. ಸಾರ್ವಜನಿಕ ಜೀವನದಲ್ಲಿ ಅದನ್ನು ಒಪ್ಪಿಗೆ ಎನ್ನುತ್ತಾರೆ.

ಸಾರಿಗೆ ಎಷ್ಟು ಉಪ್ಪು ಎಂಬುದರಲ್ಲೂ ಒಮ್ಮತ ಕಾಣದ ಹೇಮಾವತಿ ಕನ್ನಡ ಬಳಗ ಎಲ್ಲರೂ ಸೇರಿದ ತನ್ನ ಕೊನೆಯ ಸಭೆಯಲ್ಲಿ ಸರ್ವಾನುಮತದಿಂದ ಅಧ್ಯಕ್ಷರನ್ನು ಆರಿಸಿತು. ಡಾಕ್ಟರು ನಲವತ್ತು ಜನರ ಪರವಾಗಿಯೂ ಸೇರಿಸಿ ಎರಡೂ ಕೈ ಎತ್ತಿದರು. ಎರಡೂ ಬಣದವರು ಅಣ್ಣತಮ್ಮಂದಿರಂತೆ ಕೈಜೋಡಿಸಿ ಕೊಪ್ಪರಿಗೆಯನ್ನು ಎತ್ತಿ ಸೂರ್ಯನಾರಾಯಣರ ವ್ಯಾನಿಗೆ ತುಂಬಿದರು. ಮುರಿದ ಕಂಬವನ್ನೂ ಹಾಕಿದರು, ತಾಯಿ ಭುವನೇಶ್ವರಿಯನ್ನೂ ಹಾಕಿದರು. ಆರಾರು ತಿಂಗಳ ತೊಂದರೆ ಯಾರಿಗೆ ಬೇಕು.

ಮನೆಯ ಗರಾಜಿನ ಬಾಗಿಲು ಮೇಲೇಳುವಾಗ ಒಳಗೆ ರಾಜಲಕ್ಷ್ಮಿ ನಿಂತಿದ್ದರು. ಅಷ್ಟರಲ್ಲಿ ಡಾಕ್ಟರು ಫೋನ್ ಮಾಡಿ ಅಭಿನಂದನೆ ಹೇಳಿದ್ದರು. ಅಭಿನಂದನೆಯ ಜೊತೆ, ಹೊಸ ಅಧ್ಯಕ್ಷರೇ ಕಟ್ಟಕಡೆಯ ಲೈಫ್ ಮೆಂಬರು ಎಂಬುದನ್ನೂ, ಅದಕ್ಕೆ ಎಷ್ಟು ಕಟ್ಟಿದರೆಂಬುದನ್ನೂ ಮೆಚ್ಚಿ ಹೇಳಿದ್ದರು.

ಸೂರ್ಯನಾರಾಯಣರು ಇಳಿದು ಕೊಪ್ಪರಿಗೆಯ ಪಕ್ಕ ನಿಂತರು.

"ಇವತ್ತು ತಾರೀಖು ಎಷ್ಟು?" ಎಂದರು ರಾಜಲಕ್ಷ್ಮಿ.

"ಏಪ್ರಿಲ್ ಒಂದು. ಏಡನ್ ಕೈ ಬದಲಾಗಿದ್ದೂ ಏಪ್ರಿಲ್ ಒಂದನೇ ತಾರೀಖೇ ಕಣೇ."

"ಹೌದೇನು." ಅವರು ಕೊಪ್ಪರಿಗೆಯೊಳಗೆ ಇಣುಕಿ ನೋಡಿದರು. "ಅಂತೂ ನಿಮ್ಮ ಪಿಂಚಣಿ ಸ್ಯಾಂಕ್ಷನ್ ಆಯ್ತು?"

"ಆಯ್ತು."

"ಸಾಯೋವರೆಗೂ ಊಟ?"

"ಹೂಂ. ಇಬ್ಬರಿಗೂ."

"ಹಾಕೋರು ಯಾರು?"

ಸೂರ್ಯನಾರಾಯಣರು ತಮ್ಮ ಥೀಸಿಸ್ಸನ್ನು ಮನಸ್ಸಿನಲ್ಲೇ ತಿರುವಿ ಹಾಕಿದರು. ನಾನೂರು ಪುಟದಲ್ಲಿ ಎಲ್ಲೂ, ಪಿಂಚಣಿ ತಗೊಳ್ಳುವವನೂ ಕೊಡುವವನೂ ಒಬ್ಬನೇ ಆದರೆ ಏನು ಮಾಡಬೇಕೆಂದು ಅವರು ಬರೆದಿರಲಿಲ್ಲ.

ರಾಜಲಕ್ಷ್ಮಿ ಒಳಗೆ ಹೋಗಿ ಹುಣಸೆಹಣ್ಣು, ಪಾತ್ರೆ ಉಜ್ಜುವ ನಾರು ತಂದು ಗಂಡನ ಕೈಗೆ ಕೊಟ್ಟರು.

"ಲೈಫ್ ಮೆಂಬರು ಮುಂದಿನ ಸಾಲಲ್ಲಿ ಆಮೇಲೆ ಕೂತ್ಕೊಳ್ಳಲಿ. ಪ್ರೆಸಿಡೆಂಟು ಮೊದಲು ಇದನ್ನ ಬೆಳಗಲಿ. ಡಿಶ್‌ವಾಷರ್ ಕೆಟ್ಟಿದೆ."